ಭದ್ರೆಯ ನಡುವೆ ಒಂದು ಬಿರಡೆ

ಬಚ್ಚಲಲ್ಲಿ ನೀರು ಹರಿದುಹೋಗುವ ಸದ್ದು ಕೇಳಿದರೆ ಹೆದರುವ ಗಂಡಸು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಮನೆಯವರಿಗೆಲ್ಲ ಗೊತ್ತಿರುವ ವಿಷಯವನ್ನು ಓದುಗರಿಂದ ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ. ಅಡುಗೆಮನೆಯ ಸಿಂಕಿನಲ್ಲಿ ಪಾತ್ರೆ ತೊಳೆದಾದ ಮೇಲೆ ಕೊನೆಯ ನೀರು ತೂತಿನೊಳಗೆ ಇಳಿಯುವಾಗ ಗುಳು ಗುಳು ಗುಳುಕ್ ಎಂದು ಒಂದು ಸದ್ದು ಬರುತ್ತದಲ್ಲ, ಆಗ ನಾನು ಎಲ್ಲಿದ್ದರೂ ಹತ್ತಿರದ ಕುರ್ಚಿಯ ಕೈಯನ್ನೋ ಕಿಟಕಿಯ ಸರಳನ್ನೋ ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ. ನನ್ನ ಹೆಂಡತಿ ಸುಮಿತ್ರ ಮೊದಮೊದಲು ಗಾಬರಿಯಾಗಿ ಓಡಿ ಬರುತ್ತಿದ್ದಳು. ಈಗ ಒಳಗಿನಿಂದಲೇ, "ಸಿಂಕು ಖಾಲಿ ಮಾಡ್ತಾ ಇದೀನಿ, ಹಿಡ್ಕಳಿ" ಎಂದು ಕೂಗಿ ಹೇಳಿ ತನ್ನ ಕೆಲಸ ಮುಂದುವರಿಸುತ್ತಾಳೆ. ಇಷ್ಟು ವರ್ಷವಾದರೂ ಕಣ್ಣು ಮುಚ್ಚಿದರೆ ಅದೇ ಹೊಳೆ, ಅದೇ ನೀಲಿ ದೋಣಿ, ಅದೇ ತೂತು.

ಇದಕ್ಕೆಲ್ಲ ಕಾರಣ ರುದ್ರೇಶಣ್ಣ. ಬಣಕಲ್ ಹತ್ತಿರ ನಮ್ಮ ತೋಟದ ಎದುರಿನ ಎಸ್ಟೇಟು ಅವರದು. ನಡುವೆ ರಸ್ತೆಯೊಂದೇ ಅಡ್ಡ. ನನ್ನದು ತೋಟ, ಅವರದು ಎಸ್ಟೇಟು ಎಂದರೆ ಅಳತೆ ನಿಮಗೇ ಅರ್ಥವಾಗಬೇಕು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು, ತೂಕದಲ್ಲಿ ನನ್ನ ಎರಡರಷ್ಟು. ಅವರ ಜೀಪು ತಿರುವಿನಲ್ಲಿ ಬರುವಾಗ ಯಾವ ಕಡೆ ಜಗ್ಗಿದೆ ಎಂದು ನೋಡಿಯೇ ಅವರೇ ಓಡಿಸುತ್ತಿದ್ದಾರೋ ಪಕ್ಕದಲ್ಲಿ ಕೂತಿದ್ದಾರೋ ಎಂದು ಹೇಳಬಹುದಿತ್ತು. ನಾನು ಪ್ರಾಣಿಶಾಸ್ತ್ರದಲ್ಲಿ ಪದವಿ ಮಾಡಿ ಬಂದ ದಿನದಿಂದ ಅವರು ನನ್ನ ಹೆಸರನ್ನು ಬಿಟ್ಟು ‘ಬಿಎಸ್ಸಿ’ ಎಂದೇ ಕರೆಯತೊಡಗಿದರು. ಆಮೇಲೆ ಊರಿಗೆ ಊರೇ ಹಾಗೆ ಕರೆಯಿತು. ಪೋಸ್ಟಿನವನೂ ಒಮ್ಮೆ ಹಾಗೆಯೇ ಕರೆದಿದ್ದಾನೆ.

ನಾವು ಇಸ್ಪೀಟಾಡಲು ಹೋಗುವ ಕ್ಲಬ್ಬಿನ ಗೋಡೆಯ ಮೇಲೆ ಒಂದು ಹಳೆಯ ಫೋಟೋ ಇದೆ. ಯಾವ ಕಾಲದ್ದೋ, ಒಬ್ಬ ಬಿಳಿಯ ದೊರೆ ಹ್ಯಾಟು ಹಾಕಿಕೊಂಡು ನಿಂತಿದ್ದಾನೆ. ಪಕ್ಕದಲ್ಲಿ ಇಬ್ಬರು ಆಳುಗಳ ಹೆಗಲ ಮೇಲಿನ ಬಿದಿರಿನ ಗಳಕ್ಕೆ ಅವನ ಎದೆಯುದ್ದದ ಮಹಶೀರ್ ಮೀನು ನೇತಾಡುತ್ತಿದೆ. ಫೋಟೋದ ಮಗ್ಗುಲಿಗೆ ಒಂದು ಖಾಲಿ ಮೊಳೆ. ಒಂದು ಸಂಜೆ ಮೂರಾಟ ಸತತವಾಗಿ ಸೋತ ರುದ್ರೇಶಣ್ಣ ಎಲೆ ಕೆಳಗಿಟ್ಟು ಆ ಫೋಟೋವನ್ನೇ ದಿಟ್ಟಿಸಿದರು.

"ಅಲ್ವೋ ಬಿಎಸ್ಸಿ, ಆ ಪುಣ್ಯಾತ್ಮ ಹಿಡ್ದಿದ್ದು ನಮ್ ಭದ್ರಾ ಹೊಳೆ ಮೀನನ್ನ. ಅವ್ನು ಹೋಗಿ ಇಷ್ಟು ಕಾಲ ಆಯ್ತು. ನಮ್ಮಲ್ಲಿ ಒಬ್ಬ ಗಂಡಸೂ ಅಷ್ಟುದ್ದದ್ದು ಹಿಡೀಲಿಲ್ಲ ಅಂದ್ರೆ ಎಂತ ಮರ್ಯಾದೆ ಮಾರಾಯ? ಆ ಖಾಲಿ ಮೊಳೆ ಇದ್ಯಲ್ಲ, ಅದು ನಂದು. ನೀನು ನನ್ ಜೊತೆ ಬರ್ತೀಯ."

ಮೀನು ಎಷ್ಟು ಆಳದಲ್ಲಿರುತ್ತದೆ, ಏನು ತಿನ್ನುತ್ತದೆ, ಅದಕ್ಕೆ ಕಿವಿ ಕೇಳುತ್ತದೆಯೇ ಎಂದೆಲ್ಲ ಅವರು ಕೇಳಿದರು. ನಾನು ಎಲ್ಲದಕ್ಕೂ ಪಟಪಟನೆ ಉತ್ತರ ಹೇಳಿದೆ. ಮೀನಿನ ಹೊಟ್ಟೆಯೊಳಗಿನ ಈಜುಚೀಲದ ಚಿತ್ರವನ್ನು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ನಾನು ಎಷ್ಟು ಚೆನ್ನಾಗಿ ಬರೆದಿದ್ದೆನೆಂದರೆ ಲೆಕ್ಚರರು ಅದನ್ನು ಬೇರೆ ಹುಡುಗರಿಗೆ ತೋರಿಸಿದ್ದರು. ಆದರೆ ನನಗೆ ಈಜು ಬರುವುದಿಲ್ಲ. ಈ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುತ್ತ ಅಷ್ಟು ಹಳ್ಳ ಹೊಳೆಗಳಿರುವ ಊರಿನಲ್ಲಿ ಹುಟ್ಟಿ, ಮದುವೆಯಾಗಿ, ಮಕ್ಕಳಾದ ಗಂಡಸು ಇಸ್ಪೀಟಿನ ಮೇಜಿನ ಎದುರು ಇಂಥದನ್ನು ಹೇಗೆ ಹೇಳುತ್ತಾನೆ?

ಅಲ್ಲಿಂದ ಶುರುವಾಯಿತು ನೋಡಿ ಯೋಜನೆ. ರುದ್ರೇಶಣ್ಣನಿಗೆ ಎಸ್ಟೇಟು ನಡೆಸುವ ರೀತಿಯೊಂದನ್ನು ಬಿಟ್ಟು ಬೇರೆ ಯಾವ ಕೆಲಸವನ್ನೂ ಮಾಡುವ ರೀತಿ ಗೊತ್ತಿರಲಿಲ್ಲ. ಪ್ರತಿ ಭಾನುವಾರ ನಮ್ಮನೆ ಜಗಲಿಯಲ್ಲಿ ಮೀಟಿಂಗು. ಅವರು ಹೇಳುವುದು, ನಾನು ರೈಟರಂತೆ ಕೂತು ಬರೆಯುವುದು. ಬೇಕಾದ ಸಾಮಾನಿಗೆಲ್ಲ ನಂಬರು ಹಾಕಿದ ಪಟ್ಟಿ. ಯಾವ ಕೆಲಸ ಯಾರದು ಎಂದು ಇನ್ನೊಂದು ಪಟ್ಟಿ. ಈ ಎರಡು ಪಟ್ಟಿ ಯಾರ ಹತ್ತಿರ ಇರಬೇಕು ಎನ್ನುವುದಕ್ಕೆ ಮೂರನೆಯದು. ಇಂಥ ದಿನ ಇಷ್ಟು ಗಂಟೆಗೆ ಕೆಲಸಕ್ಕೆ ಹಾಜರಾಗಬೇಕೆಂದು ಮೀನಿನ ಹೆಸರನ್ನು ಆಳುಗಳ ಹಾಜರಿಯ ಚೆಕ್‌ರೋಲಿನಲ್ಲಿ ಬರೆಯುವುದೊಂದು ಬಾಕಿ ಇತ್ತು. ಒಂದು ಭಾನುವಾರ ಪೂರ್ತಿ ಬುತ್ತಿಗೆ ಕಡುಬೋ ಅಕ್ಕಿರೊಟ್ಟಿಯೋ ಎನ್ನುವುದರಲ್ಲಿ ಕಳೆಯಿತು. ಇನ್ನೊಂದು ಭಾನುವಾರ ಗಾಳಕ್ಕೆ ಚುಚ್ಚುವ ರಾಗಿ ಉಂಡೆಯ ಹದ ಎಷ್ಟಿರಬೇಕು ಎನ್ನುವುದರಲ್ಲಿ. ಸುಮಿತ್ರ ಮೂರು ಸಲ ಬೇಯಿಸಿ ತಂದಳು. ರುದ್ರೇಶಣ್ಣ ಮೂರನ್ನೂ ಅಂಗೈಯಲ್ಲಿ ಹಿಸುಕಿ ನೋಡಿ, "ಇನ್ನೂ ಒಂಚೂರು ಗಟ್ಟಿ ಆಗ್ಬೇಕು ಕಣಮ್ಮ, ಹೊಳೆ ನೀರಲ್ಲಿ ಕರಗ್ಬಾರ್ದು" ಎಂದರು.

"ಕಟ್ಟಿಕೊಂಡ ಗಂಡನಿಗೆ ಇಷ್ಟು ಹದ ನೋಡಿ ಹಾಕಿದವಳಲ್ಲ ನಾನು," ಎಂದಳು ಸುಮಿತ್ರ. "ಬೆಳಿಗ್ಗೆ ಒಂಬತ್ತಕ್ಕೆ ಹಾರ್ನ್ ಹೊಡ್ಕಂಡು ಬಂಗುಡೆ ಬಾಗಿಲಿಗೇ ಬರುತ್ತೆ. ಅದನ್ನ ಬಿಟ್ಟು ಕಳಸದ ಹೊಳೆಗೆ ಹೋಗಿ ಮೀನಿಗೆ ಊಟ ಹಾಕ್ತಾರಂತೆ."

ಗಾಳ ಎಸೆಯುವ ಅಭ್ಯಾಸ ನಮ್ಮ ಕಾಫಿ ಕಣದಲ್ಲಿ ನಡೆಯಿತು. ಬೆಂಗಳೂರಿನಿಂದ ತರಿಸಿದ ರೀಲಿನ ಕೋಲು. ರುದ್ರೇಶಣ್ಣ ಮೊದಲ ಎಸೆತಕ್ಕೆ ಹಗ್ಗದ ಮೇಲೆ ಒಣಗುತ್ತಿದ್ದ ಸುಮಿತ್ರಳ ಸೀರೆ ಹಿಡಿದರು. ಎರಡನೆಯದಕ್ಕೆ ನಮ್ಮ ಮೇಸ್ತ್ರಿ ಲಿಂಗಪ್ಪನ ಟೋಪಿ. ಮೂರನೆಯದು ಸಿಲ್ವರ್ ಓಕ್ ಮರದ ತುದಿಗೆ ಹೋಯಿತು. ಆ ಗಾಳ ಇವತ್ತಿಗೂ ಅಲ್ಲೇ ಇದೆ. ಮರಕ್ಕೆ ಹಬ್ಬಿದ ಮೆಣಸು ಕುಯ್ಯುವವರಿಗೆ ಪ್ರತಿ ವರ್ಷ ‘ಆ ಮರದಲ್ಲಿ ಗಾಳ ಇದೆ, ನೋಡ್ಕಂಡು ಹತ್ತಿ’ ಎಂದು ಹೇಳಬೇಕಾಗುತ್ತದೆ. ಹೊಸಬರು ನನ್ನ ಮುಖವನ್ನು ಒಂದು ಥರ ನೋಡುತ್ತಾರೆ.

ದೋಣಿ ಬಂದದ್ದು ಮಂಗಳೂರಿನ ಕಡೆಯಿಂದ. ಕಾಫಿ ತುಂಬಿಕೊಂಡು ಘಾಟಿ ಇಳಿದಿದ್ದ ಲಾರಿ ವಾಪಸು ಬರುವಾಗ ಹಳೆಯದೊಂದು ಫೈಬರ್ ದೋಣಿಯನ್ನು ಹೊತ್ತು ಚಾರ್ಮಾಡಿ ಹತ್ತಿತು. ಬಣಕಲ್ಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತು ನೋಡಿದರಂತೆ. ನೀಲಿ ಬಣ್ಣ, ಹದಿನಾಲ್ಕು ಅಡಿ ಉದ್ದ. ರುದ್ರೇಶಣ್ಣನ ಶೆಡ್ಡಿನಲ್ಲಿ ಜಾಗವಿಲ್ಲವೆಂದು ನಮ್ಮ ಪಲ್ಪರ್ ಮನೆಯ ಪಕ್ಕ ಬೋರಲು ಹಾಕಿಟ್ಟೆವು. ಅದೇ ಭಾನುವಾರ ಅವರು, "ಟ್ಯೂಬು, ಗೀಬು ಎಂತಾರು ಬೇಕೇನೋ? ಬರೋ ಮೂರೂ ಜನ ಈಜು ಬಲ್ಲೋರೇ ಅಲ್ವಾ?" ಎಂದರು. ದೋಣಿ ನಡೆಸಲು ಗೊತ್ತುಮಾಡಿದ್ದ ಲಿಂಗಪ್ಪ ಹೌದೆಂದು ತಲೆಯಾಡಿಸಿದ. ನಾನು ಬರೆಯುತ್ತಿದ್ದವನು ತಲೆ ಎತ್ತಲಿಲ್ಲ. ನನ್ನ ಕೈಯಾರೆ ದುಂಡಗಿನ ಅಕ್ಷರದಲ್ಲಿ ‘ಟ್ಯೂಬು: ಬೇಡ’ ಎಂದು ಬರೆದೆ.

ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತೆಂದರೆ, ಈ ಪ್ರಯಾಣ ಎಂದೂ ನಡೆಯುವುದಿಲ್ಲ ಎಂಬ ದೃಢ ನಂಬಿಕೆಯಿಂದ. ಕಾಫಿಯವರಿಗೆ ಬಿಡುವು ಎನ್ನುವುದು ವರ್ಷದ ಯಾವ ತಿಂಗಳಲ್ಲಿ ಬರುತ್ತದೆ, ಹೇಳಿ? ಚಳಿಗಾಲ ಪೂರ್ತಿ ಕುಯ್ಲು. ಅದು ಮುಗಿಯುತ್ತಿದ್ದಂತೆ ಕಾಫಿ ಗಿಡ ಹೂ ಬಿಡಲು ಬೇಕಾದ ಹೂವಿನ ಮಳೆಗೆ ಆಕಾಶ ನೋಡುವ ಕೆಲಸ. ಆಕಾಶ ನೋಡುವುದನ್ನು ಬಿಟ್ಟು ನೀರು ನೋಡಲು ಹೋದ ಪ್ಲಾಂಟರನ್ನು ನಾನು ಕಂಡಿಲ್ಲ. ಆಮೇಲೆ ಮಳೆಗಾಲ, ಹೊಳೆಯ ಹತ್ತಿರ ಹೋಗುವಂತಿಲ್ಲ. ಹೀಗೆ ಯೋಜನೆ ಯೋಜನೆಯಾಗಿಯೇ ಇರುತ್ತದೆ, ಭಾನುವಾರ ಕಾಫಿ ಕುಡಿದಂತಾಗುತ್ತದೆ ಎಂದುಕೊಂಡಿದ್ದೆ.

ಈ ನಂಬಿಕೆಯೇ ಆ ಡಿಸೆಂಬರಿನಲ್ಲಿ ನನ್ನಿಂದ ಒಂದು ತಪ್ಪು ಮಾಡಿಸಿತು. ಹಣ್ಣು ಒಟ್ಟಿಗೆ ಬಂದು ಬಿದ್ದಿತ್ತು. ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿದ ಬೀಜಕ್ಕೆ ಲೋಳೆ ಅಂಟಿಕೊಂಡಿರುತ್ತದೆ. ಅದನ್ನು ಒಂದು ದಿನ ತೊಟ್ಟಿಯಲ್ಲಿಟ್ಟು ಹುಳಿಸಿ, ಲೋಳೆ ಬಿಟ್ಟಮೇಲೆ ನೀರು ಬಸಿದು ತೊಳೆಯಬೇಕು. ಆಗಲೇ ನಮ್ಮ ಸಿಮೆಂಟು ತೊಟ್ಟಿ ಬಿರುಕು ಬಿಡಬೇಕೇ! ಬೀಜ ರಾಶಿ ಬಿದ್ದಿದೆ, ಎದುರಿಗೆ ಹದಿನಾಲ್ಕು ಅಡಿಯ ನುಣ್ಣನೆಯ ಪಾತ್ರೆ ಬೋರಲು ಬಿದ್ದಿದೆ. ನಾನು ಲಿಂಗಪ್ಪನ ಮುಖ ನೋಡಿದೆ, ಲಿಂಗಪ್ಪ ದೋಣಿಯ ಮುಖ ನೋಡಿದ. ಸಂಜೆಯೊಳಗೆ ದೋಣಿ ಕಾಫಿ ತೊಟ್ಟಿಯಾಯಿತು. ನೀರು ಬಸಿಯಲು ತಳದಲ್ಲಿ ಒಂದು ತೂತು ಬೇಕಲ್ಲ, ಅದನ್ನೂ ಕೊರೆದೆವು. ಲಿಂಗಪ್ಪ ಸಿಲ್ವರ್ ಓಕಿನ ತುಂಡನ್ನು ಕೆತ್ತಿ, ಗೋಣಿ ಸುತ್ತಿ, ಒಂದು ಬಿರಡೆ ಮಾಡಿ ಜಡಿದ. ಆ ಕುಯ್ಲು ಮುಗಿಯುವವರೆಗೆ ದಿನಾ ಬೆಳಿಗ್ಗೆ ಅದೇ ಕ್ರಮ. ನಾನು ಬೀಜದ ರಾಶಿಯೊಳಗೆ ಕೈ ಹಾಕಿ, ಲೋಳೆ ಬಿಟ್ಟಿದೆಯೇ ಎಂದು ತಿಕ್ಕಿ ನೋಡಿ, "ತೆಗಿ ಲಿಂಗಪ್ಪ" ಎನ್ನುವುದು, ಅವನು "ಆಯ್ತು ಅಯ್ಯಾ" ಎಂದು ಬಗ್ಗಿ ಬಿರಡೆ ಕೀಳುವುದು, ನೀರು ಗುಳುಗುಳು ಎಂದು ಹೋಗುವುದು. ಹೀಗೆ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಆ ವರ್ಷದಷ್ಟು ಚೆನ್ನಾಗಿ ನಮ್ಮ ತೋಟದಲ್ಲಿ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಕುಯ್ಲು ಮುಗಿದ ಮೇಲೆ ಬಿರಡೆಯನ್ನು ಹೊರಗಿನಿಂದ ಸಮ ಮಾಡಿ ನೀಲಿ ಬಣ್ಣ ಬಳಿದೆವು. ರುದ್ರೇಶಣ್ಣನಿಗೆ ಹೇಳಲಿಲ್ಲ. ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಹೊಳೆಗೇ ಹೋಗದ ದೋಣಿಯ ತಳದಲ್ಲಿ ತೂತಿದ್ದರೇನು, ಇಲ್ಲದಿದ್ದರೇನು?

ಮುಂದಿನ ವರ್ಷ ಮಳೆ ನಿಂತು, ಕುಯ್ಲಿಗೆ ಇನ್ನೂ ಎರಡು ವಾರ ಇರುವಾಗ, ಒಂದು ಬೆಳಗ್ಗೆ ಮಂಜಿನೊಳಗಿಂದ ಜೀಪಿನ ಹಾರ್ನು. "ಹೊರಡೋ ಬಿಎಸ್ಸಿ, ಇವತ್ತೇ ಹೋಗಣ!"

"ಇವತ್ತಾ? ಮೀಟಿಂಗಲ್ಲಿ ಇವತ್ತು ಅಂತ ಬಂದೇ ಇಲ್ಲ ರುದ್ರೇಶಣ್ಣ."

"ಮೀಟಿಂಗ್ ಮಾಡಿ ಮಾಡಿ ನಿನ್ ಕೂದ್ಲು ಹಣ್ಣಾಯ್ತು. ಹತ್ತು ಮಾರಾಯ."

ಒಂದು ವರ್ಷ ಮೂರು ಪಟ್ಟಿ ಮಾಡಿದ ಮನುಷ್ಯ ಒಂದನ್ನೂ ಮುಟ್ಟದೆ ಹೊರಟುಬಿಟ್ಟರೆ ಬರೆದವನಿಗೆ ಹೊಟ್ಟೆ ಉರಿಯುತ್ತದೋ ಇಲ್ಲವೋ? ಪಟ್ಟಿ ಮೇಜಿನ ಮೇಲೇ ಉಳಿಯಿತು. ಅದರೊಡನೆ ಎರಡು ಹುಟ್ಟುಗಳಲ್ಲಿ ಒಂದು, ದೋಣಿಗೆ ಬಂದ ನೀರು ಮೊಗೆಯುವ ಡಬ್ಬ, ಹಗ್ಗ, ಎಲ್ಲವೂ ಉಳಿದವು. ಬಂದದ್ದು ಗಾಳದ ಕೋಲು, ಒಂದು ಹುಟ್ಟು, ಸುಮಿತ್ರ ಅವಸರದಲ್ಲಿ ಕಟ್ಟಿಕೊಟ್ಟ ರಾಗಿ ಉಂಡೆ ಮತ್ತು ಬುತ್ತಿ ಮಾತ್ರ. ಟ್ರೈಲರಿನ ಮೇಲೆ ದೋಣಿ ಏರಿಸುವಾಗ ನಾನು ಲಿಂಗಪ್ಪನ ಕಿವಿಯಲ್ಲಿ, "ಬಿರಡೆ ಗಟ್ಟಿ ಇದ್ಯೇನೋ?" ಎಂದೆ. "ಬೇಸಿಗೆಲಿ ಒಣಗಿ ಒಂಚೂರು ಸಣ್ಣ ಆಗಿರ್ಬೋದು ಅಯ್ಯಾ. ನೀರಿಗೆ ಬಿದ್ರೆ ಊದ್ಕಳುತ್ತೆ" ಎಂದ. ಆಗಲೂ ಹೇಳಬಹುದಿತ್ತು. ಬಾಳೂರಿನ ತಿರುವುಗಳಲ್ಲಿ ಹೇಳಬಹುದಿತ್ತು. ಕಳಸದ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಹೇಳಬಹುದಿತ್ತು. ಇಡ್ಲಿ ತಿಂದೆ.

ಕಳಸದಿಂದ ಕೆಳಗೆ ಭದ್ರೆ ಅಗಲವಾಗಿ ಹರಡಿಕೊಂಡು ನಿಧಾನವಾಗುವ ಕಡೆ ಒಂದು ದೊಡ್ಡ ಮಡು ಇದೆ. ಆಳ ಎಷ್ಟೆಂದು ಕೇಳಿದರೆ ಅಲ್ಲಿಯವರು ಉತ್ತರ ಹೇಳದೆ ನಗುತ್ತಾರೆ. ಮಡು ಮುಗಿದಲ್ಲಿ ಹೊಳೆ ಬಂಡೆಗಳ ನಡುವೆ ನುಗ್ಗುವ ಸದ್ದು ದಡಕ್ಕೇ ಕೇಳುತ್ತಿತ್ತು. ಮುಂದೆ ರುದ್ರೇಶಣ್ಣ ಗಾಳ ನೀರಿಗೆ ಬಿಟ್ಟು ಕೋಲು ಹಿಡಿದು ಕೂತರು, ಹಿಂದೆ ಲಿಂಗಪ್ಪ ಒಂದೇ ಹುಟ್ಟಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತಿದ್ದ. ನಡುವೆ ನಾನು, ಬಿರಡೆಯ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಹಿಮ್ಮಡಿ ಊರಿ ಕೂತಿದ್ದೆ. ಇಷ್ಟು ಶ್ರದ್ಧೆಯಿಂದ ನಾನು ಕಾಲೇಜಿನಲ್ಲೂ ಕೂತವನಲ್ಲ.

ಬಿರಡೆ ಊದಿಕೊಳ್ಳಲಿಲ್ಲ. ಮೊದಲು ಗೋಣಿ ಒದ್ದೆಯಾಯಿತು, ಆಮೇಲೆ ಪಾದ, ಅರ್ಧ ಗಂಟೆಯಲ್ಲಿ ನೀರು ಕಾಲಿನ ಗೆಣ್ಣಿಗೆ ಬಂತು. "ಎಲ್ಲಿಂದ್ಲೋ ಇದು?" ಎಂದರು ರುದ್ರೇಶಣ್ಣ ಹಿಂತಿರುಗದೆ. "ಹುಟ್ಟು ಹಾಕೋವಾಗ ಹಾರಿದ್ದು" ಎಂದೆ. ಮೊಗೆಯೋಣವೆಂದರೆ ಡಬ್ಬ ಮೇಜಿನ ಪಕ್ಕದಲ್ಲಿ, ಬಣಕಲ್ಲಿನಲ್ಲಿ. ಲಿಂಗಪ್ಪ ಹುಟ್ಟು ಒಳಗಿಟ್ಟು, ಬಗ್ಗಿ ಗೋಣಿಚೀಲ ಸರಿಸಿ, ಏನು ಮಾಡಲಿ ಎಂಬಂತೆ ನನ್ನ ಮುಖ ನೋಡಿದ. ಅದೇ ನೀಲಿ ತಳ, ಅದೇ ನಿಂತ ನೀರು, ಅದೇ ಬಿರಡೆ, ಅದೇ ರೀತಿ ಬಗ್ಗಿ ನಿಂತ ಲಿಂಗಪ್ಪ. ಆ ಕ್ಷಣವನ್ನು ನಾನು ಸಾವಿರ ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ಪ್ರತಿ ಸಲವೂ ನನ್ನ ಬಾಯಿ ತೆರೆದುಕೊಳ್ಳುತ್ತದೆ.

"ತೆಗಿ ಲಿಂಗಪ್ಪ, ನೀರು ಹೋಗ್ಲಿ" ಎಂದೆ.

"ಆಯ್ತು ಅಯ್ಯಾ" ಎಂದು ಅವನು ಕಿತ್ತ.

ಒಳಗಿನ ನೀರು ಹೊರಗೆ ಹೋಗಲಿಲ್ಲ. ಹೊರಗಿನ ಭದ್ರೆ ಒಳಗೆ ಬಂದಳು, ಮೊಳಕಾಲೆತ್ತರಕ್ಕೆ ಚಿಮ್ಮಿಕೊಂಡು. ಲಿಂಗಪ್ಪ ಕೈಯಲ್ಲಿದ್ದ ಬಿರಡೆಯನ್ನೂ ನನ್ನನ್ನೂ ನೋಡಿ, ಬಹಳ ಮೆಲ್ಲಗೆ, "ಅಯ್ಯಾ, ಇದು ತೋಟ ಅಲ್ವಲ್ಲ" ಎಂದ. ತಿರುಗಿ ಜಡಿಯಲು ನೋಡಿದರೆ ಸುತ್ತಿದ್ದ ಗೋಣಿ ಕಳಚಿಹೋಗಿತ್ತು. ಒತ್ತಿದಷ್ಟೂ ಬಿರಡೆ ಮೇಲೆ ಹಾರುತ್ತಿತ್ತು. ಹುಟ್ಟು ನಿಂತಿದ್ದರಿಂದ ದೋಣಿ ತಾನೇ ತಿರುಗಿಕೊಂಡು ಬಂಡೆಗಳ ಸದ್ದಿನ ಕಡೆಗೆ ಜಾರತೊಡಗಿತ್ತು.

ರುದ್ರೇಶಣ್ಣ ಈಗ ಹಿಂತಿರುಗಿದರು. "ದೋಣಿಗೆ ತೂತು ಎಲ್ಲಿಂದ ಬಂತೋ?"

"ಕಾಫಿ ಹುಳಿಸಿದ್ವಿ ರುದ್ರೇಶಣ್ಣ, ಹೋದ್ವರ್ಷ, ತೊಟ್ಟಿ ಒಡ್ದಿತ್ತು."

ಒಂದು ವರ್ಷ ಹೇಳಲಾಗದ್ದು ಒಂದು ಉಸಿರಿನಲ್ಲಿ ಮುಗಿಯಿತು. ಅವರು ಬೈಯಲಿಲ್ಲ. ಕೋಲನ್ನು ಕೈಬಿಡದೆ ಎದ್ದರು, ದೋಣಿ ಒಂದು ಸಲ ಇತ್ತ, ಒಂದು ಸಲ ಅತ್ತ ಹೊಯ್ದಾಡಿತು, ನಾನು ಮನೆದೇವರನ್ನು ಹೆಸರು ಹಿಡಿದು ಕರೆದೆ. ಅವರು ಬಂದು ತೂತಿನ ಮೇಲೆ ಧಡಕ್ಕನೆ ಕೂತುಬಿಟ್ಟರು. ಚಿಮ್ಮುವುದು ನಿಂತಿತು. ಅವರ ತೂಕವನ್ನು ನಾನು ಎಷ್ಟೋ ಸಲ ಆಡಿಕೊಂಡು ನಕ್ಕಿದ್ದೆ, ಇನ್ನು ಮೇಲೆ ನಗುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ. "ಹುಟ್ಟು ಹಾಕೋ ಲಿಂಗಪ್ಪ. ನೀನು ಬುತ್ತಿ ಪಾತ್ರೇಲಿ ನೀರು ಮೊಗಿ ಬಿಎಸ್ಸಿ" ಎಂದರು. ಕಡುಬು, ಕೋಳಿಸಾರು ಎಲ್ಲ ಹೊಳೆಗೆ ಸುರಿದು ಮೊಗೆಯತೊಡಗಿದೆ.

ಕೋಳಿಸಾರಿನ ವಾಸನೆಗೋ ಸುಮಿತ್ರಳ ರಾಗಿ ಉಂಡೆಗೋ ಗೊತ್ತಿಲ್ಲ, ಆಗ ಕಚ್ಚಿತು ಮೀನು.

ರೀಲು ಕಿರ್ರನೆ ಕಿರುಚಿಕೊಂಡಿತು. ಕೋಲು ಬಿಲ್ಲಿನಂತೆ ಬಗ್ಗಿತು. ಐವತ್ತು ಅಡಿ ಆಚೆ ನೀರು ಒಡೆದು ಬಂಗಾರದ ಬಣ್ಣದ ಒಂದು ಪಕ್ಕೆ ಕಾಣಿಸಿ ಮುಳುಗಿತು. ಅಷ್ಟಗಲದ ಹಲಗೆ ನಮ್ಮನೆ ಬಾಗಿಲಿಗೂ ಇಲ್ಲ. ಅದು ಎಳೆದ ಕಡೆಗೆ, ಎಂದರೆ ಬಂಡೆಗಳ ಕಡೆಗೆ, ದೋಣಿಯೂ ಹೊರಟಿತು. ರುದ್ರೇಶಣ್ಣನ ಮುಖ ಕೂಸಿನ ಮುಖದಂತೆ ಅರಳಿಬಿಟ್ಟಿತು. ಎದ್ದು ನಿಲ್ಲದೆ ಅಂಥ ಮೀನನ್ನು ತಡೆಯಲಾಗುವುದಿಲ್ಲ. ಅವರು ಒಂದು ಗೇಣು ಎದ್ದರು, ಕೆಳಗಿನಿಂದ ನೀರು ಬುಸ್ಸೆಂದು ಎದ್ದಿತು.

"ನೀವಿಬ್ರೂ ಹಾರಿ ಈಜ್ಕಂಡು ದಡ ಸೇರ್ಕಳಿ," ಎಂದು ಕೂಗಿದರು. "ದೋಣಿ ಹೋದ್ರೆ ಹೋಗ್ಲಿ. ನಾನು ಇದನ್ನ ಹಿಡ್ಕಂಡೇ ಬರ್ತೀನಿ!"

ಲಿಂಗಪ್ಪ ಆಗಲೇ ಅಂಗಿ ಬಿಚ್ಚತೊಡಗಿದ್ದ.

"ರುದ್ರೇಶಣ್ಣ," ಎಂದೆ, "ನಂಗೆ ಈಜು ಬರಲ್ಲ."

"ಎಂತ?"

"ಈಜು ಬರಲ್ಲ."

"ನೀನು ಓದಿದ್ದು ಮೀನಿನ ಮೇಲೇ ಅಲ್ವೇನೋ!"

"ಓದಿದ್ದು ಹೌದು."

ಅವರು ನನ್ನನ್ನು ನೋಡಿದರು, ಆಮೇಲೆ ನೀರಿನೊಳಗೆ ಓರೆಯಾಗಿ ಇಳಿದಿದ್ದ ದಾರವನ್ನು ನೋಡಿದರು. ಆ ನೋಟ ಬಹಳ ಹೊತ್ತು ನಡೆದಂತೆ ನನಗೆ ನೆನಪು. ಲಿಂಗಪ್ಪನನ್ನು ಕೇಳಿದರೆ, ಅಷ್ಟೇನಿಲ್ಲ, ಎರಡು ಹುಟ್ಟು ಹಾಕುವಷ್ಟು ಎನ್ನುತ್ತಾನೆ. ಬಂಡೆಗೆ ಬಡಿದು ಹಾರುವ ನೀರಿನ ಹನಿ ನನ್ನ ಮುಖಕ್ಕೆ ಬೀಳುತ್ತಿತ್ತು. ರುದ್ರೇಶಣ್ಣ ಮೆಲ್ಲಗೆ ತೂತಿನ ಮೇಲೆ ಕೂತರು. "ಕತ್ತಿ ಕೊಡು ಲಿಂಗಪ್ಪ" ಎಂದರು. ಅವನ ಸೊಂಟದಲ್ಲಿ ಯಾವಾಗಲೂ ಇರುವ, ಗಿಡ ಸವರುವ ಕಸಿ ಕತ್ತಿಯನ್ನು ಈಸಿಕೊಂಡು ದಾರವನ್ನು ಕಚಕ್ಕೆಂದು ಕೊಯ್ದರು. ಬಾಗಿದ್ದ ಕೋಲು ನೆಟ್ಟಗಾಯಿತು. "ಹಾಕು ಹುಟ್ಟು" ಎಂದರು. ಅಷ್ಟೇ.

ಬಂಡೆಗಳಿಗೆ ಇಪ್ಪತ್ತು ಮಾರು ಇರುವಾಗ ದೋಣಿ ದಡದ ಪೊದೆಗೆ ತಗುಲಿತು. ನಾನು ಪೊದೆಯನ್ನು ಅಪ್ಪಿಕೊಂಡೆ. ಅದು ಮುಳ್ಳಿನ ಪೊದೆಯೆಂದು ತಿಳಿದದ್ದು ಬಾಳೂರು ದಾಟಿದ ಮೇಲೆ. ರುದ್ರೇಶಣ್ಣನನ್ನು ತೂತಿನ ಮೇಲಿನಿಂದ ಎಬ್ಬಿಸಲು ಇಬ್ಬರೂ ಎರಡು ಕಡೆ ಹಿಡಿದು ಎಳೆಯಬೇಕಾಯಿತು. ಭದ್ರೆ ಕೆಳಗಿನಿಂದ ಅವರನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆಮೇಲೆ ಒಂದು ವಾರ ಅವರು ಕ್ಲಬ್ಬಿಗೆ ಬಂದರೂ ನಿಂತೇ ಇಸ್ಪೀಟಾಡಿದರು.

ವಾಪಸು ಬರುವಾಗ ರುದ್ರೇಶಣ್ಣ ಬಣಕಲ್ಲಿನಲ್ಲಿ ಜೀಪು ನಿಲ್ಲಿಸಿ, ಮೀನಿನ ಅಂಗಡಿಯಿಂದ ಬಂಗುಡೆ ತಂದು ನನ್ನ ತೊಡೆಯ ಮೇಲೆ ಒಂದು ಪೊಟ್ಟಣ ಇಟ್ಟರು. ಮನೆಯಲ್ಲಿ ಸುಮಿತ್ರ ಅದನ್ನು ಬಿಚ್ಚಿ ನೋಡಿ, "ಇದಕ್ಕೆ ಕಳಸದ ತನಕ ಹೋಗ್ಬೇಕಿತ್ತಾ?" ಎಂದವಳು, ನನ್ನ ಮುಖ ನೋಡಿ ಮೀನು ತೊಳೆಯಲು ಹೋದಳು. ತೊಳೆದಾದ ಮೇಲೆ ಸಿಂಕಿನ ನೀರು ಗುಳುಕ್ ಎಂದಿತು. ಕುರ್ಚಿಯ ಕೈಯನ್ನು ಮೊದಲ ಸಲ ಹಿಡಿದದ್ದು ಆಗಲೇ.

ಈಗ ನೀವು ಆ ಕ್ಲಬ್ಬಿಗೆ ಬಂದರೆ ದೊರೆಯ ಫೋಟೋದ ಮಗ್ಗುಲಿನ ಮೊಳೆ ಖಾಲಿ ಇರುವುದಿಲ್ಲ. ಅದಕ್ಕೆ ಒಂದು ದಾರದಲ್ಲಿ ಸಿಲ್ವರ್ ಓಕಿನ ಬಿರಡೆ ನೇತುಹಾಕಿದೆ. ಕೆಳಗೆ ರುದ್ರೇಶಣ್ಣನ ಕೈಬರಹದ ಚೀಟಿ: ‘ಭದ್ರಾ ಹೊಳೆ. ಹಿಡಿದವರು: ಬಿಎಸ್ಸಿ.’ ಹೊಸ ಮೆಂಬರುಗಳು ಬಂದಾಗಲೆಲ್ಲ ಅವರು ಕತೆ ಹೇಳುತ್ತಾರೆ. ಆದರೆ ತಾವು ಬಿಟ್ಟ ಮೀನಿನ ಉದ್ದವನ್ನು ಮಾತ್ರ ಒಂದು ಸಲವೂ ಕೈಯಗಲಿಸಿ ತೋರಿಸಿದವರಲ್ಲ. ಅದೊಂದನ್ನು ತೋರಿಸಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ನಾನು ಯಾವಾಗಲೂ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತೇನೆ. ಹೋದ ತಿಂಗಳು ಕೈ ಮುಗಿದು ಕೇಳಿದೆ.

"ರುದ್ರೇಶಣ್ಣ, ಸಾಕು. ಅದನ್ನ ಅಲ್ಲಿಂದ ತೆಗೀರಿ."

ಅವರು ಎಲೆಗಳಿಂದ ತಲೆ ಎತ್ತಲಿಲ್ಲ.

"ನೀನು ತೆಗಿ ಅಂದಿದ್ದಕ್ಕೆ ಅದನ್ನ ಒಂದ್ಸಲ ತೆಗ್ದು ನೋಡಿ ಆಯ್ತಲ್ಲ ಮಾರಾಯ," ಎಂದರು. "ಇನ್ ತೆಗ್ಯಲ್ಲ."